‘ಇದು ಮುಗೀತು, ಹೊಸದು ತಗೊಳ್ಳಿ’ ಎನ್ನುವ ಮುನ್ನ
ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಒಂದು ಬಹಿರಂಗ ಪತ್ರ

ರಿಪೇರಿ ಅಂಗಡಿಗಳ ಮಾಲೀಕರಿಗೆ, ಅಲ್ಲಿ ಬೆನ್ನು ಬಗ್ಗಿಸಿ ಕೆಲಸ ಮಾಡುವ ತಮ್ಮಂದಿರಿಗೆ ಮತ್ತು ತಂಗಿಯರಿಗೆ,

ನಿಮ್ಮ ಕೌಂಟರಿಗೆ ಬರುವ ಮನೆ ಕಂಪ್ಯೂಟರುಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ‘ತುಂಬಾ ಸ್ಲೋ ಆಗಿದೆ.’ ಆನ್ ಮಾಡಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಉಂಗುರ ಸುತ್ತುತ್ತಲೇ ಇರುತ್ತದೆ. ಮಗಳ ಪರೀಕ್ಷೆಯ ಅರ್ಜಿ ತುಂಬುವಾಗ ಹ್ಯಾಂಗ್ ಆಗುತ್ತದೆ. ‘ಎಷ್ಟು ವರ್ಷ ಆಯ್ತು ಸರ್ ತಗೊಂಡು?’ ಎಂದು ನೀವು ಕೇಳುತ್ತೀರಿ. ‘ಹತ್ತು ಹನ್ನೊಂದು ಆಗಿರಬೇಕು’ ಎಂದು ಗಿರಾಕಿ ಹೇಳಿದ್ದೇ ತಡ, ಕ್ಯಾಬಿನೆಟ್ಟಿನ ತಗಡು ಬಿಚ್ಚುವ ಮೊದಲೇ ತೀರ್ಪು ಬಂದಾಗಿರುತ್ತದೆ: ಇದು ಮುಗೀತು, ಹೊಸದು ತಗೊಳ್ಳಿ. ಎಲ್ಲರೂ ಹೀಗೆ ಎನ್ನುತ್ತಿಲ್ಲ. ಆದರೆ ಈ ಮಾತು ಕೇಳಿಸಿಕೊಂಡು ಬಂದವರು ನಮ್ಮ ಬೀದಿಯಲ್ಲೂ ಇದ್ದಾರೆ, ನಿಮ್ಮ ಬೀದಿಯಲ್ಲೂ ಇದ್ದಾರೆ. ಆ ತೀರ್ಪನ್ನು ಸ್ವಲ್ಪ ತಡೆದು ಕೊಡಿ ಎಂದು ಕೇಳುವುದಕ್ಕೇ ಈ ಪತ್ರ.

ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಕಂಪ್ಯೂಟರ್ ನಿಧಾನವಾಗುವುದಿಲ್ಲ. 2014ರಲ್ಲಿ 3.4 ಗಿಗಾಹರ್ಟ್ಸ್ ವೇಗದಲ್ಲಿ ಓಡುತ್ತಿದ್ದ ಪ್ರೊಸೆಸರ್ ಇವತ್ತೂ ಅದೇ ವೇಗದಲ್ಲಿ ಓಡಬಲ್ಲದು. ಬದಲಾದದ್ದು ಅದರ ಮೇಲೆ ಬಿದ್ದ ಹೊರೆ. ಬ್ರೌಸರ್ ದಪ್ಪವಾಗಿದೆ, ಅಪ್‌ಡೇಟುಗಳು ಹಿನ್ನೆಲೆಯಲ್ಲಿ ಸದಾ ಏನೋ ಮಾಡುತ್ತಿರುತ್ತವೆ, ಆ್ಯಂಟಿವೈರಸ್ ಪ್ರತಿ ಫೈಲನ್ನೂ ಮುಟ್ಟಿ ನೋಡುತ್ತದೆ. ಇಷ್ಟರ ನಡುವೆ ಯಂತ್ರದ ಯಾವುದೋ ಒಂದು ಭಾಗ ಉಳಿದವನ್ನೆಲ್ಲ ಕಾಯಿಸುತ್ತಿರುತ್ತದೆ. ಆ ಭಾಗ ಯಾವುದೆಂದು ಪತ್ತೆ ಹಚ್ಚುವುದೇ ನಿಮ್ಮ ವಿದ್ಯೆ. ನಾವು ನಿಮ್ಮ ಹತ್ತಿರ ಬರುವುದು ಅದಕ್ಕೇ.

ಪತ್ತೆಗೆ ಹೆಚ್ಚು ಹೊತ್ತೂ ಬೇಡ. ನಮ್ಮ ಮನೆಯದು 2014ರ ಯಂತ್ರ. ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಕಾಲಮ್ಮಿನಲ್ಲಿ ಶೇ. 10ರ ಆಸುಪಾಸು, ಡಿಸ್ಕ್ ಕಾಲಮ್ಮಿನಲ್ಲಿ ಶೇ. 100. ಅದೂ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಓದುತ್ತಾ! ಪ್ರೊಸೆಸರ್ ಕೈಕಟ್ಟಿ ಕೂತಿದೆ, ಡಿಸ್ಕಿಗೆ ಮಾತ್ರ ಪುರುಸೊತ್ತಿಲ್ಲ. ಇಂಥ ಯಂತ್ರಕ್ಕೆ ಹೊಸ ಪ್ರೊಸೆಸರ್ ಯಾಕೆ ಬೇಕು?

ಈ ಡಿಸ್ಕಿನ ಲೆಕ್ಕ ನಿಮಗೆ ಗೊತ್ತೇ ಇದೆ. ಆದರೂ ನಿಮ್ಮ ಗಿರಾಕಿಗಳೂ ಓದಲೆಂದು ಬರೆಯುತ್ತೇನೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ಅದನ್ನು ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ ಆ ಜಾಗಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್. ಒಟ್ಟಾರೆ ಸೆಕೆಂಡಿಗೆ 80ರ ಆಸುಪಾಸು ಸಣ್ಣ ಓದುಗಳಾದರೆ ಹೆಚ್ಚು. ಲ್ಯಾಪ್‌ಟಾಪುಗಳ 5,400 ಸುತ್ತಿನ ಡಿಸ್ಕಿನಲ್ಲಿ ಅದಕ್ಕಿಂತ ಕಡಿಮೆ. ಐಬಿಎಂ 1956ರಲ್ಲಿ ರಾಮ್ಯಾಕ್ ಎಂಬ ಯಂತ್ರದ ಜೊತೆ ಮೊದಲ ಹಾರ್ಡ್ ಡಿಸ್ಕ್ ತಂದಾಗ ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅಲ್ಲಿಂದ ಇಲ್ಲಿಯವರೆಗೆ ಹಿಡಿಸುವ ಪ್ರಮಾಣ ಲಕ್ಷಾಂತರ ಪಟ್ಟು ಬೆಳೆದಿದೆ. ಆದರೆ ತಿರುಗುವ ತಟ್ಟೆ, ಸರಿಯುವ ಹೆಡ್ ಎಂಬ ಮೂಲ ವಿಧಾನ ಹಾಗೇ ಉಳಿದಿದೆ. ಎಸ್‌ಎಸ್‌ಡಿಯಲ್ಲಿ ಮಾಹಿತಿ ಇರುವುದು ಚಿಪ್ಪುಗಳಲ್ಲಿ, ತಿರುಗುವಂಥದ್ದು ಯಾವುದೂ ಇಲ್ಲ. ಅದೇ ಸಣ್ಣ ಓದುಗಳನ್ನು ಸೆಕೆಂಡಿಗೆ ಹತ್ತಾರು ಸಾವಿರದ ಲೆಕ್ಕದಲ್ಲಿ ಮುಗಿಸುತ್ತದೆ. ವಿಂಡೋಸ್ ಆನ್ ಆಗುವಾಗ ಓದುವುದೆಲ್ಲ ಚೆಲ್ಲಾಪಿಲ್ಲಿಯಾದ ಸಾವಿರಾರು ಚಿಕ್ಕ ಫೈಲುಗಳನ್ನೇ. ಹಾಗಾಗಿ ಡಿಸ್ಕ್ ಒಂದನ್ನು ಬದಲಿಸಿದರೆ ನಿಮಿಷಗಟ್ಟಲೆ ಸತಾಯಿಸುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಎದ್ದು ನಿಲ್ಲುತ್ತದೆ.

‘ಹಳೇ ಬೋರ್ಡು, ಎಸ್‌ಎಸ್‌ಡಿ ಹಾಕಿದ್ರೂ ಅಷ್ಟೇ’ ಎನ್ನುವವರಿದ್ದಾರೆ. ಅದು ಸರಿಯಲ್ಲ. ಆ ಕಾಲದ ಎಷ್ಟೋ ಮದರ್‌ಬೋರ್ಡುಗಳಲ್ಲಿ ಡಿಸ್ಕ್ ಜೋಡಿಸುವ ಎರಡು ಸಾಟಾ ಪೋರ್ಟುಗಳು 6 ಗಿಗಾಬಿಟ್‌ನವು, ಉಳಿದೆರಡು 3 ಗಿಗಾಬಿಟ್‌ನವು. ಯಾವುದು ಯಾವುದೆಂದು ಸಾಮಾನ್ಯವಾಗಿ ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ. ವೇಗದ ಪೋರ್ಟಿಗೆ ಹಾಕಿ. ಎಲ್ಲವೂ 3 ಗಿಗಾಬಿಟ್‌ನವೇ ಆಗಿದ್ದರೂ ಚಿಂತೆಯಿಲ್ಲ, ಮನೆ ಬಳಕೆಗೆ ಲಾಭವಾಗುವುದು ಕಾಯುವ ಹೊತ್ತು ಇಲ್ಲವಾಗುವುದರಿಂದ.

ರ್ಯಾಮಿನದು ಎರಡನೆಯ ಮಾತು. 4 ಜಿಬಿ ಇರುವಲ್ಲಿ ಬ್ರೌಸರಿನ ನಾಲ್ಕು ಟ್ಯಾಬ್ ತೆರೆದರೆ ಜಾಗ ತುಂಬಿ, ಯಂತ್ರ ಡಿಸ್ಕನ್ನೇ ರ್ಯಾಮಿನಂತೆ ಬಳಸಲು ಶುರು ಮಾಡುತ್ತದೆ. ಅಡುಗೆಕಟ್ಟೆ ಇಕ್ಕಟ್ಟಾಗಿ, ಪ್ರತಿ ಡಬ್ಬಿಗೂ ಅಟ್ಟ ಹತ್ತಿ ಇಳಿಯಬೇಕಾದ ಸ್ಥಿತಿ ಅದು. ಖಾಲಿ ಸ್ಲಾಟ್ ಇದ್ದರೆ ಇನ್ನೊಂದು 4 ಜಿಬಿ ಹಾಕಿ. ಆದರೆ ಹಾಕುವ ಮುನ್ನ ಎರಡು ವಿಷಯ ನೋಡಿ. ಡಿಡಿಆರ್3 ಸ್ಲಾಟಿನಲ್ಲಿ ಡಿಡಿಆರ್4 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಇನ್ನು ವಿಂಡೋಸ್ 32-ಬಿಟ್‌ನದಾಗಿದ್ದರೆ ಎಷ್ಟು ರ್ಯಾಮ್ ತುರುಕಿದರೂ ಅದಕ್ಕೆ ದಕ್ಕುವುದು 4 ಜಿಬಿಯೊಳಗೇ. ಇದನ್ನು ನೋಡದೆ ರ್ಯಾಮ್ ಮಾರಿದರೆ ಗಿರಾಕಿಯ ದುಡ್ಡು ನೀರಿನಲ್ಲಿ ಹೋಮ ಮಾಡಿದಂತೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಳ್ಳುವ ನಿಮಗೆ ಅದರ ಬಿಸಿ ನಮಗಿಂತ ಮೊದಲೇ ತಟ್ಟಿರುತ್ತದೆ. ಈ ಹೊತ್ತಿನಲ್ಲಿ ಚೆನ್ನಾಗಿರುವ ಹಳೇ ರ್ಯಾಮ್ ಪಟ್ಟಿಯನ್ನು ಗುಜರಿಗೆ ಕಳಿಸುವುದು ಇನ್ನೂ ದೊಡ್ಡ ತಪ್ಪು.

ಧೂಳಿನ ವಿಚಾರ ಕೆಂಪುಮಣ್ಣಿನ ಊರಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಯಂತ್ರದ ಫ್ಯಾನ್ ತೆಗೆದು ನೋಡಿದಾಗ ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ಸಂದು ಕಾಣುತ್ತಲೇ ಇರಲಿಲ್ಲ, ಬೆರಳಲ್ಲಿ ಎತ್ತಿದರೆ ಧೂಳು ಒಂದೇ ಹಾಳೆಯಾಗಿ ಎದ್ದು ಬಂತು. ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿ ಬಿಳಿ ಪುಡಿಯಾಗಿತ್ತು. ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮಧ್ಯಾಹ್ನ ನಿಧಾನ, ಬೆಳಿಗ್ಗೆ ಸರಿ ಎನ್ನುವ ದೂರಿಗೆ ಬಹಳ ಸಲ ಇದೇ ಕಾರಣ. ಬ್ರಷ್, ಬ್ಲೋವರ್, ಕಾಳಿನಷ್ಟು ಹೊಸ ಪೇಸ್ಟ್ ಇದ್ದರೆ ಆಯಿತು.

ಇನ್ನೂ ಚಿಕ್ಕದೊಂದಿದೆ, ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಯಂತ್ರದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರ್ ಬ್ಯಾಂಕಿನ ಪುಟವನ್ನು ‘ಸುರಕ್ಷಿತವಲ್ಲ’ ಎಂದು ತಡೆಯುತ್ತದೆ. ಅದನ್ನೇ ವೈರಸ್ ಎಂದುಕೊಂಡು ಪೂರ್ತಿ ಫಾರ್ಮ್ಯಾಟ್ ಹೊಡೆದದ್ದನ್ನು ಕಂಡಿದ್ದೇನೆ. ಬೇಕಾಗಿದ್ದದ್ದು ಹತ್ತಾರು ರೂಪಾಯಿಯ ಸೆಲ್ಲು.

ಫಾರ್ಮ್ಯಾಟ್ ಎಂದೆನಲ್ಲ, ಈ ಪತ್ರ ಬರೆಯಲು ನನ್ನನ್ನು ನಿಜವಾಗಿ ಕೂರಿಸಿದ್ದು ಅದೇ. ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹೋಬಳಿಯ ಊರುಗಳ ಹೆಸರು, ಕೆರೆಗಳ ಹೆಸರು, ಹೊಲಗಳ ಹೆಸರುಗಳನ್ನು ವರ್ಷಗಟ್ಟಲೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದರು. ಅವೆಲ್ಲ ಇದ್ದದ್ದು ಡೆಸ್ಕ್‌ಟಾಪಿನ ಮೇಲೆ, ಅಂದರೆ ಸಿ ಡ್ರೈವ್‌ನಲ್ಲಿ. ‘ಡಿ ಡ್ರೈವ್ ಮುಟ್ಟಲ್ಲ ಸರ್, ಭಯ ಬೇಡ’ ಎಂದು ಅಂಗಡಿಯ ಹುಡುಗ ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಡಿ ಡ್ರೈವ್ ಹಾಗೇ ಇತ್ತು, ಮೇಷ್ಟ್ರ ಬರಹ ಇರಲಿಲ್ಲ. ಕಂಪ್ಯೂಟರ್ ಈಗ ಬೇಗ ಆನ್ ಆಗುತ್ತದೆ. ಮೇಷ್ಟ್ರು ಅದರ ಮುಂದೆ ಕೂರುವುದನ್ನೇ ಬಿಟ್ಟಿದ್ದಾರೆ.

ಕರ್ನಾಟಕದ ಹಳೆಯ ಮನೆ ಕಂಪ್ಯೂಟರುಗಳಲ್ಲಿ ಹೀಗೆ ಎಷ್ಟು ಬರಹ ಕೂತಿದೆಯೋ! ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನಾಟಕ, ವಂಶವೃಕ್ಷ, ಸಂಘದ ನಡಾವಳಿ, ದೇವಸ್ಥಾನದ ಲೆಕ್ಕ, ಮದುವೆಯ ಕರೆಯೋಲೆ ಎಲ್ಲವೂ ಅವುಗಳಲ್ಲೇ ಆದವು. ಯೂನಿಕೋಡ್‌ಗೆ ಮುಂಚಿನ ಆ ಫೈಲುಗಳಿಗೆ ಒಂದು ವಿಶೇಷವಿದೆ. ಅವುಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು, ಅವನ್ನು ಕನ್ನಡವಾಗಿ ಕಾಣಿಸುವಂತೆ ಮಾಡುವುದು ಫಾಂಟು. ಫಾಂಟ್ ಇಲ್ಲದಿದ್ದರೆ ಫೈಲ್ ಉಳಿದರೂ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಅದನ್ನು ನೋಡಿ ‘ಕರಪ್ಟ್ ಆಗಿದೆ’ ಎಂದು ಅಳಿಸಿದವರೂ ಇದ್ದಾರೆ. ಆದ್ದರಿಂದ ಫಾರ್ಮ್ಯಾಟ್ ಮಾಡಲೇಬೇಕಾದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಜೊತೆಗೆ ವಿಂಡೋಸಿನ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಎಸ್‌ಎಸ್‌ಡಿ ಹಾಕುವುದಾದರೆ ಹಳೇ ಡಿಸ್ಕನ್ನು ಅಳಿಸುವ ಅಗತ್ಯವೇ ಇಲ್ಲ. ಹೊಸದಕ್ಕೆ ಕ್ಲೋನ್ ಮಾಡಿ, ಹಳೆಯದನ್ನು ಗಿರಾಕಿಯ ಕೈಗೆ ಕೊಡಿ. ಡಿಸ್ಕಿನ ಆರೋಗ್ಯ ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ತಂತ್ರಾಂಶ ಸಾಕು. ಅದರಲ್ಲಿ ಪೆಂಡಿಂಗ್ ಸೆಕ್ಟರ್ ಎಂಬ ಸಾಲು ಸೊನ್ನೆಗಿಂತ ಹೆಚ್ಚು ತೋರಿಸುತ್ತಿದ್ದರೆ ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ. ಅಂಥ ಡಿಸ್ಕಿನ ಮೇಲೆ ಡಿಫ್ರ್ಯಾಗ್ ಓಡಿಸಿದರೆ ಉಳಿದ ಉಸಿರೂ ಹೋದೀತು.

ಈಗ ವಿಂಡೋಸ್. ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಮನೆ ಬಳಕೆದಾರರಿಗೆಂದು ಘೋಷಿಸಿದ ಹೆಚ್ಚುವರಿ ಭದ್ರತಾ ಅಪ್‌ಡೇಟುಗಳ ಅವಧಿ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರುಗಳನ್ನೇ ಅದು ಒಪ್ಪುವುದು. ನಾಲ್ಕನೇ ತಲೆಮಾರಿನ ಯಂತ್ರಕ್ಕೆ ಆ ಬಾಗಿಲು ಮುಚ್ಚಿದೆ. ಚೆನ್ನಾಗಿ ನಡೆಯುವ ಕೋಟ್ಯಂತರ ಯಂತ್ರಗಳನ್ನು ಒಂದು ತಾರೀಖಿನಿಂದ ಹಳತಾಗಿಸಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಆ ಅನ್ಯಾಯಕ್ಕೆ ಪರಿಹಾರ ಅಂಗಡಿಯ ಪೆನ್ ಡ್ರೈವ್‌ನಲ್ಲಿರುವ ಕ್ರ್ಯಾಕ್ ಮಾಡಿದ ವಿಂಡೋಸ್ ಅಲ್ಲ. ಅದನ್ನು ಆಕ್ಟಿವೇಟ್ ಮಾಡಲು ಆ್ಯಂಟಿವೈರಸ್ ಆಫ್ ಮಾಡಿ ಓಡಿಸುವ ಆ ಚಿಕ್ಕ ಪ್ರೋಗ್ರಾಮಿನ ಒಳಗೆ ಏನಿದೆಯೋ ನಿಮಗೂ ಗೊತ್ತಿಲ್ಲ. ಅದೇ ಯಂತ್ರದಲ್ಲಿ ನಿಮ್ಮ ಗಿರಾಕಿ ನಾಳೆ ನೆಟ್ ಬ್ಯಾಂಕಿಂಗ್ ಮಾಡುತ್ತಾರೆ.

ಇಂಥ ಕಡೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಒಮ್ಮೆ ತೋರಿಸಿ. 4 ಜಿಬಿಯಲ್ಲಿ ಆರಾಮಾಗಿ ನಡೆಯುತ್ತದೆ, ದುಡ್ಡು ಕೇಳುವುದಿಲ್ಲ, ಪೆನ್ ಡ್ರೈವ್‌ನಿಂದಲೇ ಆನ್ ಮಾಡಿ ಒಪ್ಪಿಗೆಯಾದರೆ ಮಾತ್ರ ಇನ್‌ಸ್ಟಾಲ್ ಮಾಡಬಹುದು. ನುಡಿಯಲ್ಲಿ ಬೆರಳು ಪಳಗಿದವರು ಹೆದರಬೇಕಾಗಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆ ಕ್ರಮ ‘ಕೆಜಿಪಿ’ ಹೆಸರಿನಲ್ಲಿ ಅಲ್ಲೂ ಸಿಗುತ್ತದೆ, ಅದೂ ಯೂನಿಕೋಡಿನಲ್ಲಿ. ಟ್ಯಾಲಿ ಬಳಸುವವರಿಗೆ, ಡಿಜಿಟಲ್ ಸಹಿಯ ಟೋಕನ್ ಬೇಕಾದವರಿಗೆ ಇದು ಒಗ್ಗದಿರಬಹುದು. ಅವರಿಗೆ ಅದನ್ನೂ ಮೊದಲೇ ಹೇಳಿ.

ಎಲ್ಲ ಯಂತ್ರವನ್ನೂ ಉಳಿಸಿ ಎಂದು ಹಟ ಹಿಡಿಯುತ್ತಿಲ್ಲ. ಬೋರ್ಡಿನ ಕೆಪ್ಯಾಸಿಟರುಗಳು ಊದಿಕೊಂಡಿದ್ದರೆ, ಬೋರ್ಡಿಗೇ ಬೆಸೆದ 2 ಜಿಬಿ ರ್ಯಾಮಿನ ಲ್ಯಾಪ್‌ಟಾಪ್ ಆಗಿದ್ದರೆ, ಡಿಡಿಆರ್2 ಕಾಲದ್ದಾಗಿದ್ದರೆ ನೇರವಾಗಿ ‘ಬೇಡ ಸರ್, ಇದಕ್ಕೆ ದುಡ್ಡು ಹಾಕಬೇಡಿ’ ಎಂದುಬಿಡಿ. ಪರೀಕ್ಷೆ ಮಾಡಿ ಹೇಳಿದ ಆ ಮಾತನ್ನು ನಾವು ನಂಬುತ್ತೇವೆ. ಡಿಸ್ಕನ್ನು ತೆಗೆದು ನಮಗೆ ಕೊಟ್ಟು, ಉಳಿದದ್ದನ್ನು ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಇ-ತ್ಯಾಜ್ಯ ಘಟಕಕ್ಕೆ ಸೇರುವಂತೆ ನೋಡಿಕೊಳ್ಳಿ. ತಾಮ್ರಕ್ಕಾಗಿ ಬೀದಿ ಬದಿಯಲ್ಲಿ ವೈರು ಸುಡುವವರ ಕೈಗೆ ಅದು ಹೋಗುವುದು ಬೇಡ.

ಗಿರಾಕಿಗಳಾದ ನಮ್ಮ ಪಾಲಿನ ತಪ್ಪೂ ಇದೆ. ನಲವತ್ತು ಸಾವಿರದ ಹೊಸ ಲ್ಯಾಪ್‌ಟಾಪನ್ನು ಮೊಬೈಲಿನಲ್ಲಿ ಒಂದೇ ಒತ್ತಿಗೆ ಕೊಳ್ಳುವ ನಾವು ನಿಮ್ಮ ಐನೂರು ರೂಪಾಯಿ ಸರ್ವಿಸ್ ಚಾರ್ಜಿಗೆ ಚೌಕಾಸಿ ಮಾಡುತ್ತೇವೆ. ‘ಬರೀ ನೋಡಿದ್ದಕ್ಕೆ ದುಡ್ಡಾ?’ ಎಂದು ಕೇಳುತ್ತೇವೆ. ನೋಡುವುದಕ್ಕೆ ಬೆಲೆ ಸಿಗದಿದ್ದರೆ ಮಾರುವುದರಲ್ಲೇ ನೀವು ಬದುಕಬೇಕಾಗುತ್ತದೆ. ಅದು ನನಗೆ ಅರ್ಥವಾಗುತ್ತದೆ. ಆದ್ದರಿಂದ ಈ ಪತ್ರ ಓದುತ್ತಿರುವ ಗಿರಾಕಿಗಳಲ್ಲೂ ಕೇಳುತ್ತೇನೆ: ದೋಷ ಪತ್ತೆ ಮಾಡಿದ್ದಕ್ಕೆ, ಯಾವ ಭಾಗವನ್ನೂ ಬದಲಿಸದಿದ್ದರೂ, ಹಣ ಕೊಡಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ‘ಪರೀಕ್ಷಾ ಶುಲ್ಕ’ ಎಂದು ಬೋರ್ಡ್ ಬರೆದು ಕೌಂಟರಿನ ಮೇಲೆ ಧೈರ್ಯವಾಗಿ ತೂಗುಹಾಕಿ. ಡಿಸ್ಕ್, ರ್ಯಾಮ್, ಬಿಸಿ ಮೂರನ್ನೂ ನೋಡಿ, ಕಂಡದ್ದನ್ನು ಬಿಲ್ಲಿನ ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ. ಫಾರ್ಮ್ಯಾಟ್ ಮಾಡುವ ಮೊದಲು ‘ನಿಮ್ಮ ಬರಹ, ಫೋಟೊ ಎಲ್ಲಿಟ್ಟಿದ್ದೀರಿ, ತೋರಿಸಿ’ ಎಂದು ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ತೆಗೆದ ಹಳೇ ಡಿಸ್ಕನ್ನು ಕವರಿನಲ್ಲಿ ಹಾಕಿ ವಾಪಸ್ ಕೊಡಿ.

ಇಂತಿ,
ನಿಮ್ಮ ಅಂಗಡಿಗೆ ಮತ್ತೆ ಬರಲಿರುವ ಗಿರಾಕಿ