ಮುಂಬ್ರಾ ಮಾರ್ಗವಾಗಿ ಪಿಟೀಲು

ಪಿಟೀಲು ನಾಲ್ಕು ತಂತಿಯ ವಾದ್ಯ. ಮರದ ಒಡಲು, ಒಡಲ ಮೇಲೊಂದು ಕುದುರೆ, ತುದಿಯಲ್ಲಿ ನಾಲ್ಕು ಬಿರಡೆ, ನುಡಿಸಲು ಕುದುರೆಕೂದಲಿನ ಒಂದು ಕಮಾನು. ಹಣ ಕೊಟ್ಟರೆ ಮುಂಬೈಯ ಧೋಬಿ ತಲಾವ್‌ನ ಅಂಗಡಿಯವರು ಇಷ್ಟನ್ನೂ ಕಪ್ಪು ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ರಾಳದ ಬಿಲ್ಲೆ ಹಾಕಿ ಕೊಡುತ್ತಾರೆ. ಉಳಿದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ವೀಣೆಗೆ ಮೆಟ್ಟುಗಳಿವೆ, ಹಾರ್ಮೋನಿಯಮ್ಮಿಗೆ ಮನೆಗಳಿವೆ. ಪಿಟೀಲಿನಲ್ಲಿ ಸ್ವರ ಎಲ್ಲಿದೆ ಎಂಬುದಕ್ಕೆ ಗುರುತೇ ಇಲ್ಲ. ಗಾಂಧಾರಕ್ಕೆಂದು ಹೊರಟ ಬೆರಳು ಗಾಂಧಾರದ ನೆರೆಯವರ ಮನೆಗೆ ನುಗ್ಗುತ್ತದೆ.

ಈ ವಾದ್ಯ ಕಲಿಯುವವರಲ್ಲಿ ಎರಡು ಜಾತಿ: ಹಲ್ಲು ಬೀಳುವ ವಯಸ್ಸಿನಲ್ಲಿ ಶುರುಮಾಡಿದವರು ಮತ್ತು ಎರಡನೆಯ ಸಲ ಹಲ್ಲು ಬೀಳುವ ವಯಸ್ಸಿನಲ್ಲಿ ಶುರುಮಾಡಿದವರು. ಮೊದಲಿನವರ ಬಗ್ಗೆ ಪುಸ್ತಕಗಳಿವೆ. ಎರಡನೆಯವರ ಬಗ್ಗೆ ಇರುವುದು ಹೌಸಿಂಗ್ ಸೊಸೈಟಿಯ ದೂರುಪುಸ್ತಕದ ಕೆಲವು ಪುಟಗಳು ಮಾತ್ರ. ಈ ಬರಹ ಎರಡನೆಯವರದು. ಅದರಲ್ಲೂ ಮುಂಬೈ ಹೊರವಲಯದ ಮುಂಬ್ರಾದಲ್ಲಿ ಮನೆ ಮಾಡಿ, ಡೊಂಬಿವಲಿಯಲ್ಲಿ ಪಾಠ ಹೇಳಿಸಿಕೊಂಡು, ಎರಡೂ ಕಡೆ ಕನ್ನಡದಲ್ಲೇ ಬೈಸಿಕೊಳ್ಳುವ ಒಂದು ಉಪಜಾತಿಯದು. ಆ ಉಪಜಾತಿಯ ಒಬ್ಬ ಸದಸ್ಯನನ್ನು ಲೇಖಕ ಬಹಳ ಹತ್ತಿರದಿಂದ ಬಲ್ಲ. ದಿನವೂ ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಎದುರಿಗೇ ಸಿಗುತ್ತಾನೆ.

ಪಿಟೀಲು ನಮ್ಮ ಸಂಗೀತಕ್ಕೆ ಹಡಗು ಹತ್ತಿ ಬಂದದ್ದು. 1786ರಲ್ಲಿ ಹುಟ್ಟಿದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕನೊಬ್ಬನಿಂದ ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಿಳಿಯರ ಬ್ಯಾಂಡಿನವರು ಬಾರಿಸುತ್ತಿದ್ದ ಮಟ್ಟುಗಳಿಗೆ ಸಂಸ್ಕೃತದ ಸಾಹಿತ್ಯ ಕೂಡಿಸಿ, ಶಂಕರಾಭರಣದ ಸ್ವರಗಳಲ್ಲಿ ಸುಮಾರು ನಲವತ್ತು ನೊಟ್ಟುಸ್ವರಗಳನ್ನು ಮಾಡಿಟ್ಟರು. ಇಂಗ್ಲೆಂಡಿನ ರಾಜನನ್ನು ಕಾಪಾಡೆಂದು ದೇವರನ್ನು ಕೇಳುವ ಮಟ್ಟು ‘ಸಂತತಂ ಪಾಹಿ ಮಾಂ’ ಆಯಿತು. ‘ಲಿಮರಿಕ್’ ಎಂಬ ಐರ್ಲೆಂಡಿನ ಮಟ್ಟು ‘ವಂದೇ ಮೀನಾಕ್ಷಿ’ ಆಯಿತು. ಐರ್ಲೆಂಡಿನ ಊರೊಂದರಿಂದ ಮದುರೆಯ ಗರ್ಭಗುಡಿಗೆ ಇದಕ್ಕಿಂತ ಹತ್ತಿರದ ದಾರಿಯನ್ನು ಯಾರೂ ಕಂಡುಹಿಡಿದಿಲ್ಲ.

ನೊಟ್ಟುಸ್ವರಕ್ಕೆ ಗಮಕ ಬೇಡ. ಸ್ವರ ನೆಟ್ಟಗೆ, ಬೋಳಾಗಿ ಬಂದರೆ ಸಾಕು. ಕರ್ನಾಟಕ ಸಂಗೀತದಲ್ಲಿ ಗಮಕ ಬಾರದಿರುವುದು ಶಾಸ್ತ್ರಸಮ್ಮತವಾಗುವ ಇಂಥ ಜಾಗ ಸಿಗುವುದೇ ಅಪರೂಪ. ತಡವಾಗಿ ಕಲಿಯುವವನು ಒಮ್ಮೆ ಅಲ್ಲಿ ಹೊಕ್ಕರೆ ಅಲುಗುವುದಿಲ್ಲ. ಮಾಯಾಮಾಳವಗೌಳದ ಜಂಟಿ ವರಸೆ ಒಪ್ಪಿಸು ಎಂದು ಮೇಷ್ಟ್ರು ಹೇಳಿದರೆ ಗಂಟಲು ಸರಿಮಾಡಿಕೊಂಡು, ಕಮಾನಿಗೆ ಮತ್ತೊಮ್ಮೆ ರಾಳ ತಿಕ್ಕಿ, “ಅದಕ್ಕೆ ಮೊದಲು ಒಂದ್ಸಲ ವಂದೇ ಮೀನಾಕ್ಷಿ ನೋಡಿಬಿಡೋಣವೇ ಸಾರ್” ಎನ್ನುತ್ತಾನೆ. ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದು ತನ್ಮಯತೆ ಎಂದು ಶಿಷ್ಯ ತಿಳಿಯುತ್ತಾನೆ.

ಐರ್ಲೆಂಡಿನ ಪಿಟೀಲು ಮಟ್ಟುಗಳು ಬಹುಪಾಲು ಕುಣಿತದವು. ಜಿಗ್ ಎಂಬುದಕ್ಕೆ ಮೂರು ಮೂರರ ಆರು ಮಾತ್ರೆ, ರೀಲ್ ಎಂಬುದಕ್ಕೆ ನಾಲ್ಕರ ನಡೆ. ಸಾಮಾನ್ಯವಾಗಿ ಒಂದು ಮಟ್ಟಿಗೆ ಎರಡು ಭಾಗ. ಒಂದೊಂದನ್ನೂ ಎರಡೆರಡು ಸಲ ನುಡಿಸಿ, ಮತ್ತೆ ಮೊದಲಿನಿಂದ ಹಿಡಿದುಕೊಂಡು, ಕುಣಿಯುವವರ ಕಾಲು ಸೋಲುವವರೆಗೆ ಸುತ್ತುತ್ತಾರೆ. ಗಮಕದ ಬದಲು ಪಕ್ಕದ ಸ್ವರವನ್ನು ಚಿಟುಕಿನಂತೆ ತಾಗಿಸಿ ಸ್ವರವನ್ನು ಕತ್ತರಿಸುತ್ತಾರೆ. ಹಳಬರು ವಾದ್ಯವನ್ನು ಗದ್ದಕ್ಕೆ ಕೊಡದೆ ಎದೆಗೆ ಆನಿಸಿ, ಕಮಾನಿನ ತುದಿಭಾಗದಲ್ಲೇ ಗಿಡ್ಡ ಗಿಡ್ಡ ಎಳೆತ ಎಳೆಯುತ್ತಿದ್ದರು. ಈ ಮಾತು ಮುಂದೆ ರೈಲಿನಲ್ಲಿ ಕೆಲಸಕ್ಕೆ ಬರುತ್ತದೆ. ಇಂಥ ಮಟ್ಟುಗಳ ದೊಡ್ಡ ಸಂಗ್ರಹವೊಂದನ್ನು 1903ರಲ್ಲಿ ಪ್ರಕಟಿಸಿದವರು ಷಿಕಾಗೋ ನಗರದ ಪೊಲೀಸ್ ಮುಖ್ಯಸ್ಥ ಫ್ರಾನ್ಸಿಸ್ ಓನೀಲ್; ಅದರಲ್ಲಿ 1,850 ಮಟ್ಟುಗಳಿವೆ. ಅಭ್ಯಾಸದ ಹೊತ್ತಿನಲ್ಲಿ ಬಾಗಿಲು ಬಡಿದು ಪೊಲೀಸರಿಗೆ ಹೇಳುತ್ತೇವೆ ಎನ್ನುವ ನೆರೆಯವರಿಗೆ ಈ ಸಂಗತಿ ತಿಳಿಸಿದರೆ ಉಪಯೋಗವಾಗುವುದಿಲ್ಲ.

ಕನ್ನಡ ನಾಡಿನ ಪಿಟೀಲು ಎಂದರೆ ತಿರುಮಕೂಡಲು ನರಸೀಪುರದ ಚೌಡಯ್ಯನವರು. ಅವರು ನಾಲ್ಕು ತಂತಿ ಸಾಲದೆಂದು, ಧ್ವನಿವರ್ಧಕ ಊರೂರಿಗೂ ಬಂದಿರದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು, ಏಳು ತಂತಿ ಹಾಕಿಸಿದರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಭವನವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. ಮುಂಬ್ರಾದ ಫ್ಲಾಟಿನಲ್ಲಿ ಹಿಂದಿನ ಸಾಲು ಎಂಬುದಿಲ್ಲ. ಕೇಳಬಾರದವರಿಗೂ ನಾಲ್ಕೇ ತಂತಿಯಲ್ಲಿ ಕೇಳಿಸುತ್ತದೆ. ಕೆಳಗಿನ ಮನೆಯ ಖಾಲಾ ಒಮ್ಮೆ ಮೊಮ್ಮಗನ ಕೈಯಲ್ಲಿ ಹೊಲಿಗೆ ಮೆಷಿನ್ನಿನ ಎಣ್ಣೆಡಬ್ಬಿ ಕಳಿಸಿದರು. “ಅಂಕಲ್, ದಾದಿ ಹೇಳಿದ್ರು, ಬಾಗಿಲಿನ ಕೀಲಿಗೆ ಎರಡು ಹನಿ ಬಿಟ್ರೆ ಸಾಕಂತೆ.” ಆ ಡಬ್ಬಿಯನ್ನು ಹಿಂದಿರುಗಿಸುವಾಗ ಸತ್ಯ ಹೇಳುವ ಧೈರ್ಯ ಬರಲಿಲ್ಲ. ಬಾಗಿಲು ಸರಿಹೋಯಿತು ಎಂದು ಹೇಳಿದ ಮೇಲೆ ವಾರಗಟ್ಟಲೆ ಖಾಲಾ ಮನೆಯಲ್ಲಿಲ್ಲದ ಹೊತ್ತು ಕಾದು ಅಭ್ಯಾಸ ಮಾಡಬೇಕಾಯಿತು.

ಹವೆಯ ಮಾತನ್ನು ಬೇಗ ಮುಗಿಸಬಹುದು. ಒಂದು ಕಡೆ ಪಾರ್ಸಿಕ್ ಗುಡ್ಡ, ಇನ್ನೊಂದು ಕಡೆ ಖಾಡಿ. ನಡುವಿನ ಊರಿನಲ್ಲಿ ಮಳೆಗಾಲದ ಗಾಳಿಯನ್ನು ಹಿಂಡಿದರೆ ನೀರು ಬಂದೀತು. ಬಿರಡೆಗಳು ಉಬ್ಬಿ ಜಪ್ಪಯ್ಯ ಎಂದರೂ ತಿರುಗುವುದಿಲ್ಲ, ಕಮಾನಿನ ಕೂದಲು ಜೋಲುತ್ತದೆ. ಚಳಿಗಾಲದಲ್ಲಿ ಅವೇ ಬಿರಡೆಗಳು ಸಡಿಲಾಗಿ ರಾತ್ರಿ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಸೀಮೆಸುಣ್ಣದ ಪುಡಿ ಹಚ್ಚಿದರೆ ಹಿಡಿತ ಬರುತ್ತದೆ.

ಇನ್ನು ರಸಿಕರು. ನುಡಿಸುವುದಕ್ಕಿಂತ ಕೇಳುವುದು ದುಬಾರಿ ಎಂಬುದಕ್ಕೆ ಮೈಸೂರಿನ ಜಯಚಾಮರಾಜ ಒಡೆಯರೇ ಸಾಕ್ಷಿ. ಮೆಟ್ನರ್ ಎಂಬ ರಷ್ಯನ್ ರಚನಕಾರನ ಸಂಗೀತ ಮೆಚ್ಚಿ, ಲಂಡನ್ನಿನಲ್ಲಿ ಅದರ ಧ್ವನಿಮುದ್ರಣಕ್ಕೆ ತಾವೇ ಹಣ ಕೊಟ್ಟರು. ಡೊಂಬಿವಲಿಗೂ ದೊಡ್ಡ ಕಿವಿಯೇ ಇದೆ. ಗಾಯನ, ಪಿಟೀಲು ಎರಡರಲ್ಲೂ ಹೆಸರಾದ ಗಜಾನನಬುವಾ ಜೋಶಿಯವರು ಇದ್ದ ಊರು ಅದು. ಆದರೆ ಮದುವೆ, ಮುಂಜಿ, ವಾರ್ಷಿಕೋತ್ಸವಗಳಲ್ಲಿ ಸಿಗುವ ರಸಿಕ ಬೇರೆ. ಪೆಟ್ಟಿಗೆ ಕಂಡೊಡನೆ ಆತ ಅದರಲ್ಲಿ ಬಂದೂಕು ಇದೆಯೇ ಎಂದು ಕೇಳುತ್ತಾನೆ. ಪ್ರತಿಸಲವೂ ತಾನೇ ಮೊದಲು ಹೇಳಿದ ಹಾಸ್ಯವೆಂಬಂತೆ ನಗುತ್ತಾನೆ. ಶ್ರುತಿ ಕೂಡಿಸುತ್ತಿರುವಾಗ ಚಪ್ಪಾಳೆ ತಟ್ಟುತ್ತಾನೆ. ನುಡಿಸತೊಡಗಿದೊಡನೆ ಫೋನಿನಲ್ಲಿ ಮಾತಾಡುತ್ತಾನೆ. ಮುಗಿದ ಮೇಲೆ ಸಿನಿಮಾ ಹಾಡು ಬರುವುದಿಲ್ಲವೇ ಎನ್ನುತ್ತಾನೆ. ಹಿಂದಿ ಸಿನಿಮಾ ಹಾಡುಗಳ ಹಿಂದಿನ ಪಿಟೀಲುಗಳನ್ನು ನುಡಿಸಿದವರಲ್ಲಿ ಎಷ್ಟೋ ಮಂದಿ ಗೋವೆಯಿಂದ ಬಂದು ಜೀವ ತೇಯ್ದವರು. ಆಂಥನಿ ಗೊನ್ಸಾಲ್ವಿಸ್ ಎಂಬ ನಿಜವಾದ ಸಂಗೀತಗಾರನ ಹೆಸರನ್ನು ಶಿಷ್ಯ ಪ್ಯಾರೇಲಾಲ್ 1977ರ ‘ಅಮರ್ ಅಕ್ಬರ್ ಆಂಥನಿ’ಯ ಹಾಡಿನಲ್ಲಿ ಉಳಿಸಿದರು. ಇದನ್ನು ಆ ರಸಿಕನಿಗೆ ಹೇಳಹೊರಟರೆ ಅಷ್ಟರಲ್ಲಿ ಊಟದ ಎಲೆ ಹಾಕಿರುತ್ತಾರೆ.

ಕೊನೆಯದು ಸಾಗಣೆ. ಡೊಂಬಿವಲಿಯಲ್ಲಿ ನಸುಕಿನ ಪಾಠ ಮುಗಿಸಿ ಎಂಟರ ಸುಮಾರಿಗೆ ಮುಂಬ್ರಾಕ್ಕೆ ಮರಳುವವನು ನಿಧಾನ ಗತಿಯ ಲೋಕಲ್ ಹತ್ತಬೇಕು. ಹತ್ತುವುದಕ್ಕೆ ವಿದ್ಯೆ ಬೇಡ, ಜನ ಹತ್ತಿಸುತ್ತಾರೆ. ಕೋಪರ್, ದಿವಾ ಕಳೆದು ಮುಂಬ್ರಾದಲ್ಲಿ ಇಳಿಯುವುದಕ್ಕೆ ಪೂರ್ವಜನ್ಮದ ಪುಣ್ಯ ಬೇಕು. ಅಂಥ ಒಂದು ಬೆಳಿಗ್ಗೆ ನಮ್ಮ ಸಾಧಕನನ್ನು ಜನಪ್ರವಾಹ ತಂದು ನಿಲ್ಲಿಸಿದ್ದು ಒಂದು ಭಜನಿ ಮಂಡಳಿಯ ನಡುವೆ. ಕಿಟಕಿಯ ಸರಳಿಗೆ ವಿಠ್ಠಲನ ಪಟ, ಪಟಕ್ಕೆ ಚೆಂಡುಹೂವಿನ ಮಾಲೆ, ಎರಡು ಜೊತೆ ತಾಳ, ಒಂದು ಢೋಲಕಿ. ತಲೆಯ ಮೇಲೆ ಎತ್ತಿ ಹಿಡಿದಿದ್ದ ಪೆಟ್ಟಿಗೆ ಆಗಲೇ ಕೈಯಿಂದ ಕೈಗೆ ಸಾಗಿ ಢೋಲಕಿಯವರ ತೊಡೆ ಸೇರಿತ್ತು. ಅವರು ಮುಚ್ಚಳ ತೆರೆದು ನೋಡಿದರು. “ಅರೇ, ವಾಯೋಲಿನ್! ಮಾವುಲಿ, ವಾಜವಾ ನಾ!” ನುಡಿಸಿ ಎಂಬ ಒತ್ತಾಯ.

ಪ್ರತಿಭಟಿಸಲು ಕೈ ಆಡಿಸಬೇಕು. ಕೈ ಆಡಿಸಲು ಜಾಗವಿರಲಿಲ್ಲ. ನಾಲ್ವರ ತೊಡೆಯ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡಿತು, ಯಾರೋ ರಾಳ ಕೊಟ್ಟರು, ಇನ್ನಾರೋ ಕಮಾನನ್ನು ತಿರುವುಮುರುವಾಗಿ ಕೈಗಿಟ್ಟರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ವಾದ್ಯದ ಸುರುಳಿಯನ್ನು ಬಲಗಾಲಿನ ಮೇಲಿಡುವ ನಮ್ಮ ಪದ್ಧತಿಗೆ ಅಲ್ಲಿ ಎಡೆಯೆಲ್ಲಿ? ನಿಂತೇ ಇರಬೇಕು, ಪಿಟೀಲನ್ನು ಎದೆಗೆ ಒತ್ತಿಕೊಳ್ಳಬೇಕು. ಕಮಾನನ್ನು ಪೂರ್ತಿ ಎಳೆದರೆ ಬಲಗಡೆಯವರ ಕನ್ನಡಕ, ಪೂರ್ತಿ ತಳ್ಳಿದರೆ ಎಡಗಡೆಯವರ ಮೂಗು. ನಡುವೆ ಉಳಿದದ್ದು ನಾಲ್ಕು ಬೆರಳಗಲ. ಮೇಷ್ಟ್ರು ಎಂದೂ ಕಲಿಸದ ಐರಿಷ್ ಭಂಗಿಯನ್ನು ಮಧ್ಯ ರೈಲ್ವೆ ಒಂದೇ ನಿಮಿಷದಲ್ಲಿ ಕೂಡಿಸಿಕೊಟ್ಟಿತು. ಬರುತ್ತಿದ್ದುದು ಒಂದೇ ಮಟ್ಟು, ಅದರಲ್ಲೂ ಮೊದಲ ಭಾಗ. ಶುರುವಾಯಿತು. ಢೋಲಕಿಯವರು ಒಂದು ಸುತ್ತು ತಲೆ ವಾರೆ ಮಾಡಿ ಕೇಳಿದರು. ಎರಡನೆಯ ಸುತ್ತಿಗೆ ಆರು ಮಾತ್ರೆಯ ದಾದ್ರಾ ಹಿಡಿದರು, ಧಾ ಧಿ ನಾ, ಧಾ ತಿ ನಾ. ಜಿಗ್ ಎಂಬುದು ಹುಟ್ಟಿದ್ದೇ ಆ ಠೇಕೆಗೆಂಬಂತೆ ಹೋಗಿ ಕೂತುಕೊಂಡಿತು. ತಾಳಗಳು ಬಂದವು. ಮಂಡಳಿಯವರು ಸ್ವರಕ್ಕೆ ಸರಿಯಾಗಿ ವಿಠ್ಠಲ ನಾಮ ಹಿಡಿದರು. ಅಪಸ್ವರಗಳೂ ಇದ್ದವು, ಆದರೆ ಅಷ್ಟು ಗಂಟಲುಗಳ ಕೆಳಗೆ ಅವು ಸಿಕ್ಕಿಬೀಳುವ ಸಂಭವವಿರಲಿಲ್ಲ. ಎರಡನೆಯ ಭಾಗ ಬಾರದ ಕಾರಣ ಮೊದಲನೆಯದೇ ಸುತ್ತಿತು. ನಿಲ್ಲಿಸುವ ಉಪಾಯ ತಿಳಿಯದ ಕಾರಣ ಇನ್ನೂ ಸುತ್ತಿತು. ಮುಂಬ್ರಾ ಬಂತು, ಹೋಯಿತು. ಕಳವಾ ಬಂತು, ಹೋಯಿತು. ಠಾಣೆಯಲ್ಲಿ ಜನ ಇಳಿಸಿದಾಗ ಇಳಿದ. ಪೆಟ್ಟಿಗೆ ಕಿಟಕಿಯಿಂದ ಬಂತು, ಅದರ ಹಿಂದೆ ಢೋಲಕಿಯವರ ತಲೆ. “ಕುಠಲ್ಯಾ ದೇವಾಚಂ?” ಯಾವ ದೇವರದು ಎಂಬ ಪ್ರಶ್ನೆ. “ಮೀನಾಕ್ಷಿ, ಮದುರೆ” ಎಂದ. ಅವರು ಕೈ ಮುಗಿದರು. ಲಿಮರಿಕ್ಕಿನ ವಿಷಯ ಹೇಳುವಷ್ಟರಲ್ಲಿ ಗಾಡಿ ಹೊರಟಿತ್ತು.

ಅದೇ ಗಾಡಿಯ ಬಾಗಿಲಿನಲ್ಲಿ ಜೋತುಬಿದ್ದವರಿಗೆ ಈ ಹಾಡು ಕೇಳಿಸಿರಲಾರದು. ಹಾಗೆ ಜೋತುಬೀಳುವುದರ ಬೆಲೆ ಬೇರೆಯೇ: 2025ರ ಜೂನ್ 9ರ ಬೆಳಿಗ್ಗೆ, ಮುಂಬ್ರಾ ನಿಲ್ದಾಣದ ಹತ್ತಿರದ ತಿರುವಿನಲ್ಲಿ, ಎದುರುಬದುರು ಸಾಗುತ್ತಿದ್ದ ಎರಡು ಲೋಕಲ್‌ಗಳ ಫುಟ್‌ಬೋರ್ಡುಗಳಿಂದ ಜನ ಹಳಿಯ ಮೇಲೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಹೊರಗೆ ಜೋತವರ ಬೆನ್ನುಚೀಲಗಳು ಒಂದಕ್ಕೊಂದು ತಾಗಿದವು ಎಂಬ ಮಾತು ಆಗ ಕೇಳಿಬಂತು. ಅವರು ಕೆಲಸಕ್ಕೆ ಹೊರಟವರು; ಹವ್ಯಾಸಕ್ಕೆ ಆ ಗಾಡಿಯಲ್ಲಿ ಜಾಗ ಕೇಳುವುದು ನ್ಯಾಯವಲ್ಲ.

ಆದ್ದರಿಂದ ಪಿಟೀಲಿನ ಪೆಟ್ಟಿಗೆಯವರು ಎಂಟರ ಲೋಕಲ್ ಬಿಟ್ಟು ಹತ್ತೂವರೆಯ ಮೇಲೆ ಹೊರಡಲಿ. ಪೆಟ್ಟಿಗೆಯನ್ನು ಬೆನ್ನಿಗೆ ಹಾಕದೆ ಎದೆಗೆ ಹಿಡಿಯಲಿ, ಬಾಗಿಲಿನಿಂದ ದೂರ ಒಳಗೆ ನಿಲ್ಲಲಿ. ಪಾಠವನ್ನು ಭಾನುವಾರಕ್ಕೆ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಮನೆ ಬಿಡುವ ಮೊದಲು, ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಇದೆಯೇ ಎಂದು ನೋಡಿಕೊಳ್ಳಬೇಕು, ಅಷ್ಟೇ.