ಐದೇ ನಿಮಿಷದ ಮೇಷ್ಟ್ರು

ಸಂಶೋಧನೆ ಕಪಾಟಿನಲ್ಲಿ ಧೂಳು ತಿನ್ನಬಾರದು, ಜನರ ಕಿವಿಗೆ ಬೀಳಬೇಕು ಎಂದು ಪಣ ತೊಟ್ಟ ಪ್ರೊಫೆಸರರು ಬಸವನಗುಡಿ, ಚಾಮರಾಜಪೇಟೆ ಕಡೆ ವಿಪರೀತ. ಪಣ ಅವರದು, ಕಿವಿ ನಮ್ಮದು. ಹೆಗಲಲ್ಲಿ ಬಟ್ಟೆ ಚೀಲ, ಚೀಲದಲ್ಲಿ ಸುರುಳಿ ಸುತ್ತಿದ ನಕ್ಷೆ, ಬಾಯಲ್ಲಿ ‘ಐದೇ ನಿಮಿಷ’. ನಾಲ್ಕು ಜನ ನಿಂತರೆ ಸಭೆ ಸೇರಿತು ಎಂದೇ ಲೆಕ್ಕ.

ಈ ಚಟ ಊರಿನ ಗಾಳಿಯಲ್ಲೇ ಇದೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನೂರು ವರ್ಷದ ಹಿಂದೆಯೇ ಕನ್ನಡದಲ್ಲಿ ‘ವಿಜ್ಞಾನ’ ಪತ್ರಿಕೆ ನಡೆಸಿದರು. ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಕ್ಕೆಂದು ಅಧ್ಯಾಪಕರನ್ನು ಊರೂರಿಗೆ ಕಳಿಸಿ, ಆ ಮಾತುಗಳನ್ನೇ ತೆಳು ಪುಸ್ತಕ ಮಾಡಿತು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ಉಪನ್ಯಾಸ ಏರ್ಪಡಿಸಿದರು. ನಮ್ಮ ಮೇಷ್ಟ್ರು ಆ ಬೆಂಚುಗಳ ಮೇಲೆ ಬೆಳೆದವರು. ನರಸಿಂಹಯ್ಯನವರ ಮಾತು ಕೇಳಿ ಪ್ರಶ್ನೆ ಹಾಕುವುದನ್ನು ಕಲಿತರು, ದೇವರ ಗೂಡನ್ನು ಮನೆಯಿಂದ ಹೊರಹಾಕಿದರು. ಗಡಿಯಾರ ನೋಡುವುದೊಂದು ಮಾತ್ರ ಬಾಕಿ ಉಳಿಯಿತು.

ಅವರ ವಿಷಯ ಬೆಂಗಳೂರಿನ ಕಾಣೆಯಾದ ಕೆರೆಗಳು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದರೆ, “ಕಾಲು ಒದ್ದೆಯಾಯ್ತೇನ್ರೀ? ಇದು ಧರ್ಮಾಂಬುಧಿ!” ಕಂಠೀರವ ಕ್ರೀಡಾಂಗಣದ ಮುಂದೆ ಹಾದರೆ ಸಂಪಂಗಿ ಕೆರೆ. “ಸಿಂಪಲ್ಲಾಗಿ ಹೇಳ್ತೀನಿ” ಎಂದಾಗ ಜಾಸ್ತಿ ಹುಷಾರಾಗಿರಬೇಕು, ಅದರ ಹಿಂದೆ ಅಡಿಟಿಪ್ಪಣಿಗಳ ಮೆರವಣಿಗೆ ಇರುತ್ತದೆ. ಇಷ್ಟಾದರೂ ಕರೆದಾಗಲೆಲ್ಲ ಹೋಗುತ್ತೇನೆ. ಮುಗಿದ ಮೇಲೆ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ, ದುಡ್ಡು ಅವರದು. ನನ್ನ ಇತಿಹಾಸಪ್ರೇಮಕ್ಕೆ ಸ್ವಲ್ಪ ತುಪ್ಪದ ವಾಸನೆ ಇದೆ.

ಆ ಭಾನುವಾರ ಕತ್ತಲು ಹರಿಯುವ ಮೊದಲೇ ಕೃಷ್ಣರಾಜ ಮಾರುಕಟ್ಟೆಯ ಹೂವಿನ ಮಂಡಿಗೆ ಎಳೆದುಕೊಂಡು ಹೋದರು. ಕೇಳುಗರು ನಾನು, ಅವರ ಇಬ್ಬರು ವಿದ್ಯಾರ್ಥಿಗಳು, ಕ್ಯಾಮೆರಾ ಹಿಡಿದು ದಾರಿ ತಪ್ಪಿ ಬಂದಿದ್ದ ಒಬ್ಬ ಹುಡುಗ. ಚೆಂಡುಹೂವಿನ ಮೂಟೆ ಹೊತ್ತವರು “ದಾರಿ, ದಾರಿ!” ಎಂದು ನುಗ್ಗುವ ಜಾಗವನ್ನೇ ಆರಿಸಿ ನಿಂತರು. “ಈಗ ನೀವು ನಿಂತಿರೋದು ಸಿದ್ದಿಕಟ್ಟೆ ಕೆರೆ ಒಳಗೆ,” ಎಂದು ಆರಂಭ. ಕೆರೆಯಿಂದ ಕೋಟೆಗೆ ಹತ್ತಿದರು. 1791ರ ಮಾರ್ಚ್ 7ರಂದು ಪೇಟೆ ಕಾರ್ನ್‌ವಾಲಿಸನ ಕೈಸೇರಿತು, 21ರ ರಾತ್ರಿ ಕೋಟೆ. ಕೋಟೆ ಬೀಳುವಷ್ಟರಲ್ಲಿ ನನ್ನ ಬೆನ್ನಿಗೆ ಎರಡು ಮೂಟೆ ಬಡಿದಿದ್ದವು. “ಕೊನೆಯದಾಗಿ” ಎಂದರು. 1905ರಲ್ಲಿ ಶಿವನಸಮುದ್ರದಿಂದ ಊರಿಗೆ ಕರೆಂಟು ಬಂತು. “ಕಟ್ಟಕಡೆಯದಾಗಿ” ಎಂದರು. 1928ರಲ್ಲಿ ಮಾರುಕಟ್ಟೆ ಎದ್ದಿತು. “ಒಂದೇ ಒಂದು ಮಾತು ಹೇಳಿ ಮುಗಿಸ್ತೀನಿ” ಎಂದು ನಕ್ಷೆ ಬಿಡಿಸಿದರು. ಅದರ ತುದಿ ಪಕ್ಕದ ತಕ್ಕಡಿಯ ಮೇಲೆ ಬಿತ್ತು.

ತಕ್ಕಡಿಯ ಹೆಂಗಸು ನಕ್ಷೆಯನ್ನು ಎರಡೇ ಬೆರಳಲ್ಲಿ ಎತ್ತಿ ಆಚೆಗಿಟ್ಟಳು. “ಏನ್ ಸಾಮಿ, ಬೋಣಿ ಟೈಮಲ್ಲಿ ಅಡ್ಡ ನಿಂತಿದ್ದೀರಾ?”

“ಇಲ್ಲಿ ಕೆರೆ ಇತ್ತಮ್ಮ.”

“ಇತ್ತು ಅಂತ ಯಾಕಂತೀರಾ? ಮಳೆ ಬಂದ ದಿನ ಬನ್ನಿ, ಇಲ್ಲೇ ಐತೆ.”

ಕ್ಯಾಮೆರಾ ಹುಡುಗ ಕಿಸಕ್ಕನೆ ನಕ್ಕ. ನಾನೂ ನಕ್ಕೆ, ಬೆನ್ನಿನ ಸೇಡು ತೀರಿತು ಎನಿಸಿತ್ತು. ಮೇಷ್ಟ್ರು ನಗಲಿಲ್ಲ. ಚೀಲಕ್ಕೆ ಕೈಹಾಕಿ ನೋಟ್‌ಬುಕ್ ತೆಗೆದು, “ನೀರು ಮೊದಲು ಯಾವ ಕಡೆಯಿಂದ ಬರುತ್ತಮ್ಮ?” ಎಂದು ಕುಕ್ಕರುಗಾಲಲ್ಲಿ ಕೂತೇಬಿಟ್ಟರು. ಅವಳು ತೂಗುತ್ತಲೇ ಗದ್ದದಲ್ಲಿ ತೋರಿಸಿದಳು: ಮೊದಲು ಆ ಮೋರಿ ಉಕ್ಕುತ್ತದೆ, ಆಮೇಲೆ ಮೆಟ್ಟಿಲ ಮೇಲಿಂದ ಇಳಿಯುತ್ತದೆ, ಕನಕಾಂಬರದವರು ಗಂಟು ಕಟ್ಟಿಕೊಂಡು ಮೇಲಕ್ಕೆ ಓಡುತ್ತಾರೆ, ಸೇವಂತಿಗೆ ಮೂಟೆ ತೇಲುತ್ತದೆ. ಮೇಷ್ಟ್ರು ನಡುವೆ ಒಂದು ಮಾತೂ ಆಡದೆ ಬರೆದುಕೊಂಡರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನೋಡಿದ ನೆನಪು ನನಗಿಲ್ಲ.

ಹಿಂದೊಮ್ಮೆ ದೋಸೆ ತಿನ್ನುತ್ತ ಹೇಳಿದ್ದರು: ವರ್ಷಗಟ್ಟಲೆ ಕೂತು ಬರೆದ ಪ್ರಬಂಧವನ್ನು ಓದಿದವರು ಸಂಪಾದಕರು, ಪರಿಶೀಲಕರಿಬ್ಬರು, ಅದರಲ್ಲೂ ಒಬ್ಬರು ಪೂರ್ತಿ ಓದಿದ್ದು ಅನುಮಾನ. ಆಗ ಚಟ್ನಿ ಇನ್ನೊಂಚೂರು ಬೇಕೆಂದು ಮಾಣಿಯನ್ನು ಕರೆಯುತ್ತಿದ್ದೆ, ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಹತ್ತು ಸಲ ‘ಕೊನೆಯದಾಗಿ’ ಎನ್ನುವವರು ಯಾರಾದರೂ ತಿರುಗಿ ಒಂದು ಮಾತು ಕೇಳಲಿ ಎಂದು ಕಾಯುತ್ತಿರುತ್ತಾರೋ ಏನೋ.

“ಬರೀ ಬರ್ಕೊಂಡ್ರೆ ಆಯ್ತಾ ಸಾಮಿ? ಬೋಣಿ ಮಾಡಿ,” ಎಂದಳು ಅವಳು. ಮೇಷ್ಟ್ರು ಚೌಕಾಸಿಯಿಲ್ಲದೆ ಎರಡು ಕೆಜಿ ಸೇವಂತಿಗೆ ಕೊಂಡರು. ಬಸ್‌ಸ್ಟಾಪಿಗೆ ಬಂದ ಮೇಲೆ ಕೈಯಲ್ಲಿದ್ದ ಹೂವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

“ತಗೊಳ್ರೀ. ನಿಮ್ಮ ಮನೇಲಿ ದೇವರಿದಾನಲ್ಲ.”

ಅವರ ಜೇಬು ಖಾಲಿಯಾಗಿತ್ತು. ಅವತ್ತಿನ ದೋಸೆಗೆ ದುಡ್ಡು ನಾನೇ ಕೊಟ್ಟೆ.