ಮಾರ್ಜಾಲ ಮೂತ್ರಾವರೋಧ: ಒಂದು ಬಹುಶಿಸ್ತೀಯ ಅನುಸಂಧಾನ

ಅಧ್ಯಾಯ 1: ಪ್ರಸ್ತಾವನೆ, ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಯಾವುದೇ ಸಂಶೋಧನೆಯು ಸಮಸ್ಯೆಯೊಂದಕ್ಕೆ ಮುಖಾಮುಖಿಯಾಗುವ ಮೂಲಕವೇ ತನ್ನ ಅನನ್ಯತೆಯನ್ನು ಕಟ್ಟಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿಯಾದ್ದರಿಂದ, ಸಂಪ್ರದಾಯದಂತೆ ಅದನ್ನು ಇಲ್ಲಿ ಇನ್ನೊಮ್ಮೆ ಹೇಳಲಾಗಿದೆ. ಪ್ರಸ್ತುತ ಅಧ್ಯಯನದ ಸಮಸ್ಯೆಯ ಹೆಸರು ಮಾಣಿ. ಮೈಬಣ್ಣ ಹಳದಿ, ಮೇಲೆ ಪಟ್ಟೆ. ಲಿಂಗ ಗಂಡು (ಶಸ್ತ್ರಚಿಕಿತ್ಸೆಯ ನಂತರ ಈ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ). ಕುಲಮೂಲ ಬೆಂಗಳೂರಿನ ಒಂದು ಮೋರಿಯ ದಂಡೆ. ಒಂದು ಸಂಜೆ ಮಾಣಿಯು ತನ್ನ ಮರಳಿನ ತಟ್ಟೆಯೊಂದಿಗಿನ ವಾಗ್ವಾದವನ್ನು ತೀವ್ರಗೊಳಿಸಿ, ಮತ್ತೆ ಮತ್ತೆ ಅದರೊಳಗೆ ಕೂತು, ಮುಕ್ಕಿರಿದು, ಯಾವ ದ್ರವರೂಪದ ಫಲಿತವೂ ಇಲ್ಲದೆ ಎದ್ದುಬರುತ್ತಿದ್ದುದು ಈ ಅಧ್ಯಯನಕ್ಕೆ ಪ್ರೇರಣೆ. ವಿಚಾರಸಂಕಿರಣಗಳಲ್ಲಿ ಇದನ್ನೇ ವರ್ಷಗಟ್ಟಲೆ ನೋಡಿ ಅಭ್ಯಾಸವಾಗಿದ್ದ ಪ್ರಬಂಧಕಾರನಿಗೆ ಮೊದಲಿಗೆ ಇದರಲ್ಲೇನೂ ವಿಶೇಷ ಕಾಣಲಿಲ್ಲ. ಕ್ಷೇತ್ರಕಾರ್ಯ ಸಹಾಯಕಿಯೂ ಧರ್ಮಪತ್ನಿಯೂ ಆದವರು, “ರೀ, ಅದು ಕೂಗ್ತಿರೋದು ಕೇಳಿಸ್ತಿಲ್ವಾ? ಬರಿಯೋದು ಬಿಟ್ಟು ಏಳ್ರೀ” ಎಂದ ಮೇಲೆ ಪ್ರಾಕ್ಕಲ್ಪನೆ ಸಿದ್ಧವಾಯಿತು.

ಉದ್ದೇಶಗಳು: (ಅ) ರೋಗವನ್ನು ಅರಿಯುವುದು. (ಆ) ಬಿಲ್ಲನ್ನು ಅರಿಯುವುದು. (ಇ) ಇವೆರಡರ ಅಂತರ್‌ಸಂಬಂಧವನ್ನು ಅರಿಯಲು ಯತ್ನಿಸಿ ಸೋಲುವುದು. ಅಧ್ಯಯನದ ವ್ಯಾಪ್ತಿ: ಒಂದು ಬೆಕ್ಕು. ಮಿತಿ: ಪ್ರಬಂಧಕಾರನ ಬ್ಯಾಂಕ್ ಖಾತೆ.

ಅಧ್ಯಾಯ 2: ಪೂರ್ವಾಧ್ಯಯನಗಳ ಸಮೀಕ್ಷೆ

ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದವಿದೆ. ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರವಿದೆ. ಹಸುವಿಗೆ ಕನ್ನಡದಲ್ಲೇ ಚಾಲುಕ್ಯರ ಕೀರ್ತಿವರ್ಮ ಬರೆದ ‘ಗೋವೈದ್ಯ’ವಿದೆ. ಬೆಕ್ಕಿಗೇನಿದೆ ಎಂದು ಆಕರಗಳನ್ನು ಜಾಲಾಡಿದರೆ ಸಿಕ್ಕಿದ್ದು ಗಾದೆಗಳು. ಅವುಗಳಲ್ಲಿ ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುತ್ತದೆ, ಇಲಿಯ ಪ್ರಾಣದ ಮೇಲೆ ಚೆಲ್ಲಾಟವಾಡುತ್ತದೆ, ಕೊರಳಿಗೆ ಗಂಟೆ ಕಟ್ಟುವವರಿಲ್ಲದೆ ಅಡ್ಡಾಡುತ್ತದೆ. ಕಾಯಿಲೆ ಮಾತ್ರ ಬೀಳುವುದಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡು ಬಡಕಲಾದದ್ದೊಂದೇ ದಾಖಲಾಗಿರುವ ಪ್ರಕರಣ. ಅಲ್ಲಿಯೂ ಸಭೆ ನಕ್ಕಿತೇ ಹೊರತು ವೈದ್ಯರನ್ನು ಕರೆಸಲಿಲ್ಲ.

ಪ್ರಭುತ್ವದ ಸಂಕಥನದಲ್ಲಿ ಬೆಕ್ಕಿನ ಸ್ಥಾನವನ್ನು ಗುರುತಿಸಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಬೇಕು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಗೋವಿಗೊಬ್ಬ, ಕುದುರೆಗೊಬ್ಬ, ಆನೆಗೊಬ್ಬ ಅಧ್ಯಕ್ಷನಿದ್ದಾನೆ. ಮಾರ್ಜಾಲಾಧ್ಯಕ್ಷನಿಲ್ಲ. ಆದರೆ ಇಲಿಗಳ ಕಾಟ ಹೆಚ್ಚಾದಾಗ ಬೆಕ್ಕು, ಮುಂಗುಸಿಗಳನ್ನು ಬಿಡಬೇಕು, ಅವನ್ನು ಹಿಡಿದವರಿಗೂ ಕೊಂದವರಿಗೂ 12 ಪಣ ದಂಡ ಎಂಬ ಮಾತಿದೆ. ಅಂದರೆ ಇಲಿ ಇರುವವರೆಗೆ ಬೆಕ್ಕು ಸರ್ಕಾರದ್ದು. ಇಲಿ ಮುಗಿದ ಮೇಲೆ ಬೆಕ್ಕು ಯಾರದ್ದೂ ಅಲ್ಲ. ಈ ನೀತಿಯ ನಿರಂತರತೆಗೆ ಸಾಕ್ಷಿ ಬೇಕಾದವರು 2019ರ 20ನೇ ಜಾನುವಾರು ಗಣತಿಯನ್ನು ನೋಡಬಹುದು. ದನ, ಎಮ್ಮೆ, ಕುರಿ, ಮೇಕೆ, ಹಂದಿ, ಕತ್ತೆ, ಒಂಟೆಗಳನ್ನು ಅದು ಎಣಿಸಿದೆ. ನಾಯಿ, ಮೊಲಗಳನ್ನೂ ಬಿಟ್ಟಿಲ್ಲ. ಆನೆಯನ್ನು ಕೂಡ ಎಣಿಸಿದೆ. ಬೆಕ್ಕನ್ನು ಎಣಿಸಿಲ್ಲ. ಹಸುವಿನ ಕಿವಿಗೆ ಹನ್ನೆರಡಂಕಿಯ ಓಲೆ ಹಾಕಿ ವಿಮೆ ಮಾಡಿಸುವ ರಾಷ್ಟ್ರದಲ್ಲಿ ಬೆಕ್ಕು ಲೆಕ್ಕದಾಚೆಗಿನ ಜೀವಿಯಾಗಿ ತನ್ನ ಅಂಚಿನ ಅಸ್ಮಿತೆಯನ್ನು ಕಾಪಾಡಿಕೊಂಡು ಬಂದಿದೆ.

ಅಧ್ಯಾಯ 3: ದೇಹಸಂಕಥನ ಮತ್ತು ಅವರೋಧದ ಮೀಮಾಂಸೆ

ಮಾರ್ಜಾಲದೇಹವನ್ನು ಅವರೋಧ ಮತ್ತು ವಿಸರ್ಜನೆಗಳ ದ್ವಂದ್ವಾತ್ಮಕ ನೆಲೆಯಲ್ಲಿ ಗ್ರಹಿಸಬೇಕಾದ ಜರೂರು ಇಂದು ಎಂದಿಗಿಂತ ಹೆಚ್ಚಾಗಿದೆ. ವಿಸರ್ಜನೆಯು ದೇಹದ ಅಭಿವ್ಯಕ್ತಿ ಸ್ವಾತಂತ್ರ್ಯವಾದರೆ ಅವರೋಧವು ಅದರ ಮೇಲಿನ ಯಜಮಾನಿಕೆ.

ಈ ಅಧ್ಯಾಯವನ್ನು ಹೀಗೆಯೇ ನಲವತ್ತು ಪುಟ ಬೆಳೆಸಿ ಡಾಕ್ಟರೇಟ್ ಪಡೆಯಬಹುದು. ಅಷ್ಟರಲ್ಲಿ ಬೆಕ್ಕು ಸತ್ತಿರುತ್ತದೆ. ಆದ್ದರಿಂದ ಸರಳವಾಗಿ: ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರ ಕಿರಿದು. ಹರಳಿನ ಪುಡಿಯೋ ಲೋಳೆಯೋ ಸಿಕ್ಕಿಕೊಂಡರೆ, ಅಥವಾ ಒಳಗೆ ಬಾವು ಬಂದರೆ ಅದು ಮುಚ್ಚಿಹೋಗುತ್ತದೆ. ಬರೀ ಒಣ ಕಾಳಿನ ಆಹಾರ, ನೀರು ಕುಡಿಯದಿರುವುದು, ಬೊಜ್ಜು, ಮನೆಗೆ ಹೊಸಬರು ಬಂದ ಗಾಬರಿ, ಎಲ್ಲವೂ ಇದಕ್ಕೆ ದಾರಿ ಮಾಡಬಹುದು. ಮೂತ್ರ ಕಟ್ಟಿದರೆ ಕಿಡ್ನಿ ಕೈಬಿಡುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಏರಿದ ಪೊಟ್ಯಾಸಿಯಂ ಹೃದಯದ ಬಡಿತವನ್ನು ಕೆಡಿಸುತ್ತದೆ. ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನದಲ್ಲಿ ಎಲ್ಲ ಮುಗಿಯುತ್ತದೆ. ನೋಡುವವರಿಗೆ ಇದು ಮಲಬದ್ಧತೆಯಂತೆ ಕಾಣುತ್ತದೆ. ನೋವನ್ನು ಮುಚ್ಚಿಟ್ಟುಕೊಳ್ಳುವುದು ಬೆಕ್ಕಿನ ಹುಟ್ಟುಗುಣ. ಅದು ಕೂಗುವ ಹೊತ್ತಿಗೆ ತಡವಾಗಿರುತ್ತದೆ.

ಅಧ್ಯಾಯ 4: ಸಲಹಾಕಾರರ ವರ್ಗೀಕರಣ

ಬೆಕ್ಕಿಗೆ ಕಾಯಿಲೆ ಎಂಬ ಸುದ್ದಿ ಹಬ್ಬಿದ ಕೂಡಲೇ ಪ್ರಕಟವಾಗುವ ಸಲಹಾಕಾರ ಸಮುದಾಯವನ್ನು ತಾತ್ವಿಕ ನೆಲೆಯಲ್ಲಿ ಏಳು ವರ್ಗಗಳಾಗಿ ವಿಂಗಡಿಸಬಹುದು.

4.1 ನಿಸರ್ಗವಾದಿಗಳು. “ಹೊರಗೆ ಬಿಡಿ ಸಾರ್, ಹುಲ್ಲು ತಿಂದು ತಾನೇ ಸರಿಮಾಡ್ಕೊಳುತ್ತೆ.” ಇವರು ತಮ್ಮ ಮಂಡಿನೋವಿಗೆ ಈ ಸಿದ್ಧಾಂತವನ್ನು ಅನ್ವಯಿಸಿದ ದಾಖಲೆಗಳು ಲಭ್ಯವಿಲ್ಲ.

4.2 ಅರ್ಥಶಾಸ್ತ್ರಜ್ಞರು. “ಈ ದುಡ್ಡಿಗೆ ಹತ್ತು ಬೆಕ್ಕು ಬರ್ತಿತ್ತಲ್ರೀ!” ಲೆಕ್ಕ ತಪ್ಪು. ಬೀದಿಯ ಬೆಕ್ಕಿಗೆ ಬೆಲೆಯೇ ಇಲ್ಲ. ಹತ್ತೇಕೆ, ಊರಿನ ಬೆಕ್ಕುಗಳೆಲ್ಲ ಬಿಟ್ಟಿ ಬರುತ್ತವೆ. ಮಾಣಿ ಮಾತ್ರ ಬರುವುದಿಲ್ಲ.

4.3 ವೇದಾಂತಿಗಳು. “ಋಣ ತೀರಿತು ಅಂದ್ಕೊಳ್ಳಿ.” ಋಣ ತೀರಿರಲಿಲ್ಲ, ಆಸ್ಪತ್ರೆಯ ಕೌಂಟರಿನಲ್ಲಿ ಬಾಕಿ ಇತ್ತು.

4.4 ಗೃಹವೈದ್ಯರು. ಪಕ್ಕದ ಮನೆಯ ರಾಯರು ಕಾಂಪೌಂಡಿನ ಆಚೆಯಿಂದಲೇ, “ಅರ್ಧ ಪ್ಯಾರಸಿಟಮಾಲ್ ಪುಡಿಮಾಡಿ ಹಾಲಲ್ಲಿ ಕೊಡಿ, ನೋವು ಇಳಿಯುತ್ತೆ” ಎಂದರು. ಇಲ್ಲಿ ನಗೆ ಸಾಕು. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಮನುಷ್ಯನ ಲಿವರ್ ಜೀರ್ಣಿಸುವ ಬಗೆ ಬೆಕ್ಕಿನ ಲಿವರಿಗೆ ಹೆಚ್ಚುಕಡಿಮೆ ಗೊತ್ತೇ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನು ಬಿಡುತ್ತದೆ, ಒಸಡು ಕಂದಿಹೋಗುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಂನ ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ಎಷ್ಟು ಮನೆಗಳಲ್ಲಿ ಎಷ್ಟು ಬೆಕ್ಕುಗಳು ಹೀಗೆ ಅಕ್ಕರೆಯ ಕೈಯಿಂದಲೇ ಸತ್ತು, “ಏನೋ ಆಗಿತ್ತು ಪಾಪ” ಎಂಬ ಮಾತಿನಲ್ಲಿ ಹೂತುಹೋಗಿವೆಯೋ.

4.5ರಿಂದ 4.7ರವರೆಗಿನ ವರ್ಗಗಳನ್ನು ಕೈಬಿಡಲಾಗಿದೆ. ಅವರೂ ಇದನ್ನೇ ಹೇಳಿದರು.

ಅಧ್ಯಾಯ 5: ಬಿಲ್ ಎಂಬ ಪಠ್ಯ, ಶರಣಾಗತಿ ಎಂಬ ಓದು

ಬಿಲ್ಲಿಗೆ ಮೊದಲು ಎಸ್ಟಿಮೇಟ್ ಬರುತ್ತದೆ. ಕನ್ಸಲ್ಟೇಶನ್, ರಾತ್ರಿಪಾಳಿಯ ತುರ್ತು ಶುಲ್ಕ, ರಕ್ತಪರೀಕ್ಷೆ, ಸ್ಕ್ಯಾನಿಂಗ್, ಅನಸ್ತೇಸಿಯಾ, ಕೆಥೆಟರ್, ಡ್ರಿಪ್ಸ್, ದಿನವೊಂದಕ್ಕೆ ಅಡ್ಮಿಶನ್, ಕನ್ಸ್ಯೂಮಬಲ್ಸ್, ಇತರೆ. ಹತ್ತಿ ಮತ್ತು ಗ್ಲೌಸ್ ‘ಕನ್ಸ್ಯೂಮಬಲ್ಸ್’ನಲ್ಲಿ ಸೇರಿದ ಮೇಲೆ ‘ಇತರೆ’ಯಲ್ಲಿ ಉಳಿಯುವುದೇನು ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ಪ್ರಶ್ನೆ. ಮೊತ್ತ 25,000ದಿಂದ 40,000 ರೂಪಾಯಿ, ‘ರೋಗಿಯ ಸ್ಥಿತಿಯನ್ನು ಅವಲಂಬಿಸಿ’. ರೋಗಿಯನ್ನು ಅವಲಂಬಿಸಿರುವವರ ಸ್ಥಿತಿಗೆ ಕಾಲಂ ಇರಲಿಲ್ಲ.

ಶ್ರೀವೈಷ್ಣವರಲ್ಲಿ ಶರಣಾಗತಿಗೆ ಎರಡು ನ್ಯಾಯಗಳಿವೆ. ವಡಗಲೆಯವರದು ಮರ್ಕಟಕಿಶೋರ ನ್ಯಾಯ: ಮರಿಕೋತಿ ತಾನೇ ತಾಯಿಯನ್ನು ಅವಚಿಕೊಳ್ಳಬೇಕು. ತೆಂಗಲೆಯವರದು ಮಾರ್ಜಾಲಕಿಶೋರ ನ್ಯಾಯ: ಮರಿಬೆಕ್ಕು ಏನೂ ಮಾಡಬೇಕಾಗಿಲ್ಲ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ. ಮೇಲುಕೋಟೆಯ ಪಂಡಿತರು ತಲೆಮಾರುಗಳಿಂದ ಚರ್ಚಿಸಿದ ಈ ತೊಡಕು ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಯ ಕೌಂಟರಿನಲ್ಲಿ ಕ್ಷಣಮಾತ್ರದಲ್ಲಿ ಬಗೆಹರಿಯುತ್ತದೆ. ಕೈಕಾಲು ಬಿಟ್ಟು, ಬಾಯಿ ಮುಚ್ಚಿ, ಎತ್ತಿಕೊಂಡು ಹೋದಲ್ಲಿಗೆ ಹೋಗುವ ಮರಿ ಪ್ರಬಂಧಕಾರನೇ ಎಂದು ಸಿದ್ಧವಾಗುತ್ತದೆ. ಆತನ ಡೆಬಿಟ್ ಕಾರ್ಡು ಮಾತ್ರ ಕೊನೆಯವರೆಗೂ ವಡಗಲೆಯಾಗಿ ಜೇಬನ್ನು ಅವಚಿಕೊಂಡಿತ್ತು.

ಪೂರ್ವಪಕ್ಷಕ್ಕೂ ನ್ಯಾಯ ಸಲ್ಲಬೇಕು. ಡಾಕ್ಟರಮ್ಮನ ಕೈಗಳಲ್ಲಿ ಮೊಣಕೈವರೆಗೆ ಪರಚುಗಾಯ. ರಕ್ತ ಪರೀಕ್ಷಿಸುವ ಯಂತ್ರಕ್ಕೆ ಮನುಷ್ಯರ ಯಂತ್ರದಷ್ಟೇ ಖರ್ಚು. ಬೆಕ್ಕಿನದೆಂದು ರಿಯಾಯಿತಿ ಇಲ್ಲ. ರಾತ್ರಿ ಎದ್ದಿರುವವರಿಗೆ ಸಂಬಳ ಬೇಕು. ಮನುಷ್ಯರ ಆಸ್ಪತ್ರೆಯಲ್ಲೂ ಇಷ್ಟೇ, ಇದಕ್ಕಿಂತ ಹೆಚ್ಚೇ ಆಗುತ್ತದೆ. ಅಲ್ಲಿ ವಿಮೆಯ ಪರದೆ ಇರುವುದರಿಂದ ಕಾಣುವುದಿಲ್ಲ, ಇಲ್ಲಿ ಪರದೆ ಇಲ್ಲ. ಹಾಗಾಗಿ ಸಿಟ್ಟು ಬಂದದ್ದು ಮೊತ್ತಕ್ಕಲ್ಲ. ಎಸ್ಟಿಮೇಟಿನ ಕೊನೆಯಲ್ಲಿ ಸಹಿ ಹಾಕುವ ಗೆರೆಯ ಮೇಲೆ ಅಚ್ಚು ಹಾಕಿದ್ದ ಒಂದು ಸಾಲಿಗೆ: ಚಿಕಿತ್ಸೆ ಮುಂದುವರಿಸುವ ಅಥವಾ ನಿಲ್ಲಿಸುವ ನಿರ್ಧಾರ ಸಂಪೂರ್ಣವಾಗಿ ಮಾಲೀಕರದ್ದು. ಕಿಸೆಯಲ್ಲಿ ದುಡ್ಡಿಲ್ಲದಿರುವುದನ್ನು ‘ನಿರ್ಧಾರ’ ಎನ್ನುತ್ತಾರೆಂದು ಅಲ್ಲಿಯವರೆಗೆ ಯಾವ ಸಿದ್ಧಾಂತವೂ ಕಲಿಸಿರಲಿಲ್ಲ.

ಅಧ್ಯಾಯ 6

ಈ ಅಧ್ಯಾಯಕ್ಕೆ ಶೀರ್ಷಿಕೆ ಕೊಡಲು ನನ್ನಿಂದ ಆಗಲಿಲ್ಲ.

ನಮ್ಮ ಪಕ್ಕದ ಕುರ್ಚಿಯಲ್ಲಿ ಖಾಕಿ ಅಂಗಿಯ ಆಟೋದವರೊಬ್ಬರು ಕೂತಿದ್ದರು. ಕಾಲ ಮೇಲೆ ಜಿಪ್ ಹಾಕಿದ ಅಕ್ಕಿಚೀಲ, ಅದರ ಬಾಯಲ್ಲಿ ಕರಿ-ಬಿಳಿ ಬೆಕ್ಕಿನ ತಲೆ. ಅದೂ ಗಂಡು, ಅದಕ್ಕೂ ಇದೇ. ಮುಂಗಡ 15,000 ಎಂದು ಕೌಂಟರಿನ ಹುಡುಗಿ ಹೇಳಿದಾಗ ಅವರು ಚೌಕಾಸಿ ಮಾಡಲಿಲ್ಲ. “ಮಾತ್ರೆ ಏನಾದ್ರೂ ಬರ್ಕೊಡಿ ಮೇಡಂ, ಬೆಳಿಗ್ಗೆ ಗೌರ್ಮೆಂಟ್ ಆಸ್ಪತ್ರೆಗೆ ತೋರಿಸ್ತೀನಿ” ಅಂದರು. “ಮಾತ್ರೇಲಿ ಹೋಗೋದಲ್ಲ ಅಣ್ಣ ಇದು” ಎಂದ ಡಾಕ್ಟರಮ್ಮ ಚೀಲವನ್ನು ಒಳಗೆ ತೆಗೆದುಕೊಂಡು ಹೋಗಿ, ಹೊಟ್ಟೆಗೆ ಸೂಜಿ ಹಾಕಿ ಕಟ್ಟಿಕೊಂಡಿದ್ದ ಮೂತ್ರವನ್ನು ಎಳೆದು, ದುಡ್ಡು ಕೇಳದೆ ವಾಪಸು ಕೊಟ್ಟರು. ಅದರಿಂದ ಕೆಲವು ಗಂಟೆ ಸಿಗುತ್ತದೆ, ಅಷ್ಟೆ. ಕೂತಿದ್ದವರು ಕೈಲಾದಷ್ಟು ಸೇರಿಸಿ ಕೊಡಲು ಹೋದೆವು. “ಬೇಡ ಸಾರ್. ಇವತ್ತು ನೀವು ಕೊಡ್ತೀರ. ಮುಂದಿನ ತಿಂಗಳು ಮತ್ತೆ ಕಟ್ಕೊಂಡ್ರೆ?” ಅಂದರು. ಅವರ ಮಾತು ಸರಿ. ಈ ಕಾಯಿಲೆ ಒಮ್ಮೆ ಬಂದ ಬೆಕ್ಕಿಗೆ ಮತ್ತೆ ಬರುವುದು ಸಾಮಾನ್ಯ.

ಬೆಳಿಗ್ಗೆ ಅವರಿಗೆ ಏನು ಉತ್ತರ ಸಿಗುತ್ತದೆಂದು ನನಗೆ ಆಗಲೇ ಗೊತ್ತಿತ್ತು. ಆ ಸಂಜೆ ನಾವು ಮೊದಲು ಹೋದದ್ದು ನಮ್ಮ ಬಡಾವಣೆಯ ಸರ್ಕಾರಿ ಪಶು ಆಸ್ಪತ್ರೆಗೇ. ಬಾಗಿಲು ಹಾಕುತ್ತಿದ್ದ ವೈದ್ಯರು ಒಳ್ಳೆಯವರು, ಬೆಕ್ಕನ್ನು ಮುಟ್ಟಿ ನೋಡಿ ಕ್ಷಣದಲ್ಲಿ ಕಾಯಿಲೆ ಹೇಳಿದರು. ಆಮೇಲೆ, “ಬೆಕ್ಕಿಗೆ ಹಿಡಿಸೋ ಅಷ್ಟು ಸಣ್ಣ ಕೆಥೆಟರ್ ನಮಗೆ ಸಪ್ಲೈ ಇಲ್ಲ ಸಾರ್” ಅಂದರು. ಹೇಳುವಾಗ ಅವರಿಗೂ ನಾಚಿಕೆಯಾಗಿತ್ತು. ಗೋಡೆಯ ಮೇಲೆ ಕಾಲುಬಾಯಿ ಜ್ವರದ ಲಸಿಕೆಯ ಪೋಸ್ಟರ್ ಇತ್ತು. ಅದು ಬೇಕು, ಬೇಡ ಎನ್ನುವವನು ನಾನಲ್ಲ. ಒಂದು ಹಸು ಸತ್ತರೆ ಒಂದು ಮನೆ ನೆಲಕಚ್ಚುತ್ತದೆ. ಆದರೆ ಹಾಲು ಕರೆಯದ, ಮೊಟ್ಟೆಯಿಡದ, ನೇಗಿಲು ಎಳೆಯದ ಜೀವದ ನೋವು ಯಾರ ಇಲಾಖೆಗೂ ಸೇರುವುದಿಲ್ಲವೇ?

ಅಕ್ಕಿಚೀಲದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ಎಂದೆವು. 1958ರಿಂದ ಇರುವ ಸಂಸ್ಥೆ, ಕಲಿಸುವ ಆಸ್ಪತ್ರೆ, ಖರ್ಚೂ ಕಡಿಮೆ. ಬೆಂಗಳೂರಿಗೆ ಹೆಬ್ಬಾಳವಿದೆ. ಚಳ್ಳಕೆರೆಯವರು ಎಲ್ಲಿಗೆ ಹೋಗಬೇಕು? ಮುಂಡರಗಿಯವರು? ಅಲ್ಲಿಯೂ ಗಂಡು ಬೆಕ್ಕುಗಳಿವೆ, ಅಲ್ಲಿಯೂ ರಾತ್ರಿಯಾಗುತ್ತದೆ. ಪ್ರೀತಿಯಿದ್ದವರು ಸಾಲ ಮಾಡಿಯಾದರೂ ಉಳಿಸಿಕೊಳ್ಳುತ್ತಾರೆ ಎಂಬ ಮಾತನ್ನು ಅದೇ ಹಾಲ್‌ನಲ್ಲಿ ಒಬ್ಬರು ಮೆಲ್ಲಗೆ ಆಡಿದರು. ಸುಳ್ಳು. ಪ್ರೀತಿ ಇಬ್ಬರಲ್ಲೂ ಒಂದೇ ತೂಕದ್ದಿತ್ತು. ನಮ್ಮ ಹತ್ತಿರ ಉಳಿತಾಯವಿತ್ತು, ಅವರ ಹತ್ತಿರ ಇರಲಿಲ್ಲ. ಮಾಣಿ ಬದುಕಿದ್ದಕ್ಕೆ ನಮ್ಮ ಮಮತೆಯನ್ನು ಹೊಗಳುವವರಿದ್ದಾರೆ. ಹೊಗಳಿಕೆ ಬ್ಯಾಂಕಿಗೆ ಸಲ್ಲಬೇಕು.

ಅಧ್ಯಾಯ 7: ಫಲಿತಗಳು ಮತ್ತು ಶಿಫಾರಸುಗಳು

ಪ್ರಬಂಧಕಾರನು ಮತ್ತೆ ತನ್ನ ಪೀಠಕ್ಕೆ ಮರಳಿದ್ದಾನೆ. ಅಧ್ಯಯನದ ವಸ್ತುವು ಸದ್ಯ ಪ್ರಬಂಧದ ಹಸ್ತಪ್ರತಿಯ ಮೇಲೆ ಕೂತು ತನ್ನ ವಿಮರ್ಶೆಯನ್ನು ಪ್ರಕಟಪಡಿಸುತ್ತಿದೆ. ಅನ್ನಕ್ಕೆ ನೀರು ಬೆರೆಸುವುದು, ಮೂರು ಕಡೆ ನೀರಿನ ಬಟ್ಟಲು ಇಡುವುದು, ಮರಳಿನ ತಟ್ಟೆಯಲ್ಲಿ ದಿನಾ ಹೆಂಟೆ ಎಣಿಸುವುದು ಈಗ ಕುಟುಂಬದ ನಿತ್ಯಾಹ್ನಿಕ. ಈ ಎಲ್ಲದರ ಬೆಳಕಿನಲ್ಲಿ ಕೆಳಕಂಡ ಶಿಫಾರಸುಗಳನ್ನು ಮಂಡಿಸಲಾಗಿದೆ.

ಒಂದು: ಗಂಡು ಬೆಕ್ಕು ಪದೇ ಪದೇ ಮುಕ್ಕಿರಿದೂ ಮೂತ್ರ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಹೊಟ್ಟೆ ಒತ್ತಿ ನೋಡಬಾರದು, ಮನೆಯ ಮಾತ್ರೆ ಕೊಡಬಾರದು. ತಡವಾದಷ್ಟೂ ಜೀವವೂ ಹೋಗುತ್ತದೆ, ಬಿಲ್ಲೂ ಬೆಳೆಯುತ್ತದೆ.

ಎರಡು: ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೂ ಬೆಕ್ಕಿಗೆ ಹೊಂದುವ ಕೆಥೆಟರ್ ಇರಬೇಕು, ಅದನ್ನು ಹಾಕಿ ಅಭ್ಯಾಸವಿರುವ ಒಬ್ಬರು ಇರಬೇಕು, ಮುಂದಿನ ಗಣತಿಯಲ್ಲಿ ಬೆಕ್ಕಿಗೊಂದು ಕಾಲಂ ಇರಬೇಕು. ಎಣಿಕೆಗೆ ಬಾರದ್ದಕ್ಕೆ ಔಷಧಿಯ ಇಂಡೆಂಟ್ ಬರೆಯುವವರಿಲ್ಲ.

ಮೂರು: “ಒಂದು ಬೆಕ್ಕಿಗೆ ಇಷ್ಟೊಂದಾ?” ಎಂದು ಯಾರನ್ನೂ, ಖರ್ಚು ಮಾಡಿದವರನ್ನೂ ಮಾಡಲಾರದೆ ಎದ್ದುಹೋದವರನ್ನೂ, ಕೇಳಬಾರದು.

ಮೊದಲನೆಯದಕ್ಕೆ ಎಚ್ಚರ ಬೇಕು, ಎರಡನೆಯದಕ್ಕೆ ಅನುದಾನ ಬೇಕು. ಮೂರನೆಯದಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.